ಮೂರು ಕ್ಷೇತ್ರ, ಒಂದೇ ಲೇಖನಿ: ಪ್ರವಾಸ, ಆರೋಗ್ಯ, ತಂತ್ರಜ್ಞಾನ ಬರೆಯುವ ಸ್ವತಂತ್ರ ಪತ್ರಕರ್ತರಿಗೊಂದು ಮಾರ್ಗದರ್ಶಿ

2017ರ ನವೆಂಬರ್‌ನಲ್ಲಿ ಸ್ಟ್ರಾವಾ ಎಂಬ ವ್ಯಾಯಾಮ ಆ್ಯಪ್ ನಡೆಸುವ ಕಂಪನಿಯು ತನ್ನ ಬಳಕೆದಾರರು ಓಡಿದ, ನಡೆದ, ಸೈಕಲ್ ತುಳಿದ ದಾರಿಗಳನ್ನೆಲ್ಲ ಒಟ್ಟುಗೂಡಿಸಿ, ಹೊಳೆಯುವ ಗೆರೆಗಳ ಜಾಗತಿಕ ನಕ್ಷೆಯೊಂದನ್ನು ಪ್ರಕಟಿಸಿತು. ಸುಮಾರು ಎರಡು ತಿಂಗಳ ಕಾಲ ಬಹುತೇಕರಿಗೆ ಅದು ಅಂದದ ಚಿತ್ರವಷ್ಟೇ ಆಗಿತ್ತು. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ, ಜನವಸತಿ ವಿರಳವಾಗಿರುವ ಪ್ರದೇಶಗಳ ಕತ್ತಲೆಯ ನಡುವೆ ಒಂಟಿಯಾಗಿ ಹೊಳೆಯುತ್ತಿದ್ದ ಗೆರೆಗಳು ಸೇನಾ ನೆಲೆಗಳನ್ನು ತೋರಿಸಿಕೊಡುತ್ತಿವೆ ಎಂದು ಗುರುತಿಸಿದ ಮೇಲೆ ಅದು ದೊಡ್ಡ ಸುದ್ದಿಯಾಯಿತು. ಈ ಸುದ್ದಿ ಯಾವ ಪುಟಕ್ಕೆ ಸೇರಬೇಕು? ವ್ಯಾಯಾಮದ ಅಭ್ಯಾಸ ಆರೋಗ್ಯ ಪುರವಣಿಯ ವಿಷಯ, ದಾರಿಗಳ ನಕ್ಷೆ ಪ್ರವಾಸ ಪುಟದ ವಿಷಯ, ಇರುವ ಜಾಗದ ಮಾಹಿತಿ ಸೋರಿಹೋಗುವುದು ತಂತ್ರಜ್ಞಾನ ವರದಿಗಾರರ ವಿಷಯ. ಮೂರು ಮೇಜುಗಳ ನಡುವೆ ಬೀಳುವ ಇಂಥ ಸುದ್ದಿಗಳನ್ನು ಮೊದಲು ಕಾಣಬಲ್ಲವರು, ಯಾವ ಮೇಜಿಗೂ ಕಟ್ಟುಬೀಳದೆ ಮೂರಕ್ಕೂ ಬರೆಯುವ ಸ್ವತಂತ್ರ ಪತ್ರಕರ್ತರು.

ಹಾಗೆಂದು ಮೂರು ಕ್ಷೇತ್ರಗಳಲ್ಲಿ ಬರೆಯುವುದೆಂದರೆ ಮೂರರಲ್ಲೂ ಅರೆಜ್ಞಾನ ಇಟ್ಟುಕೊಳ್ಳುವುದು ಎಂದಾಗಬಾರದು. ಹಲವು ವರ್ಷ ಈ ಕೆಲಸ ಮಾಡಿದ ಮೇಲೆ ನಾನು ಕಂಡುಕೊಂಡದ್ದು ಇಷ್ಟು: ಪರಿಶೀಲನೆಯ ಶಿಸ್ತು ಮೂರಕ್ಕೂ ಒಂದೇ, ಆದರೆ ತಪ್ಪು ಒಳನುಗ್ಗುವ ಬಾಗಿಲು ಪ್ರತಿಯೊಂದರಲ್ಲೂ ಬೇರೆ. ಪ್ರವಾಸ ಬರಹದಲ್ಲಿ ತಪ್ಪು ನಮ್ಮ ಕಣ್ಣಿನಿಂದಲೇ ಬರುತ್ತದೆ, ಏಕೆಂದರೆ ಅಲ್ಲಿ ನಾವು ಕಂಡದ್ದು ಎರಡು ದಿನ, ಬರೆಯುವುದು ಒಂದು ಊರಿನ ಬದುಕನ್ನು. ಆರೋಗ್ಯ ಬರಹದಲ್ಲಿ ಅದು ಅಂಕಿಗಳ ಮೂಲಕ ಬರುತ್ತದೆ. ತಂತ್ರಜ್ಞಾನದಲ್ಲಿ, ನಾವು ಏನನ್ನು ನೋಡಬೇಕು ಎಂಬುದನ್ನು ವಸ್ತು ಮಾರುವವರೇ ತೀರ್ಮಾನಿಸುವುದರಿಂದ ಬರುತ್ತದೆ. ಈ ಮೂರು ಬಾಗಿಲುಗಳನ್ನು ಗುರುತಿಸಿಕೊಂಡವರು ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ಧೈರ್ಯವಾಗಿ ದಾಟಬಹುದು. ಮುಂದಿನ ಹೆಜ್ಜೆಗಳೆಲ್ಲ ಈ ಮಾತಿನ ಸುತ್ತಲೇ ಇವೆ.

ಹೆಜ್ಜೆ 1: ಮೊದಲು ಒಂದರಲ್ಲಿ ಬೇರು ಬಿಡಿ

ಹೊಸಬರು ಮೂರು ಕ್ಷೇತ್ರಗಳಿಗೂ ಒಂದೇ ದಿನ ಕೈಹಾಕಬಾರದು. ನಿಮಗೆ ಈಗಾಗಲೇ ಪರಿಚಯವಿರುವ ಒಂದು ಕ್ಷೇತ್ರವನ್ನು ಆರಿಸಿ, ಅದರಲ್ಲಿ ಎಂಟು ಹತ್ತು ಲೇಖನಗಳು ಪ್ರಕಟವಾಗುವವರೆಗೂ ಅಲ್ಲೇ ನಿಲ್ಲಿ. ಔಷಧ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡಿದವರಿಗೆ ಆರೋಗ್ಯ, ಸಾಫ್ಟ್‌ವೇರ್ ಕಲಿತವರಿಗೆ ತಂತ್ರಜ್ಞಾನ ಸಹಜವಾದ ಆರಂಭ. ಎರಡನೆಯ ಕ್ಷೇತ್ರಕ್ಕೆ ಹೋಗುವಾಗ ಅದರ ನಡುಮಧ್ಯಕ್ಕೆ ಹಾರದೆ, ನಿಮಗೆ ಗೊತ್ತಿರುವುದಕ್ಕೆ ತಾಗಿಕೊಂಡಿರುವ ಅಂಚಿನಿಂದ ಒಳಗೆ ಹೋಗಿ. ಆರೋಗ್ಯ ಬರೆಯುವವರು ಆರೋಗ್ಯ ಅಳೆಯುವ ಕೈಗಡಿಯಾರಗಳ ಬಗ್ಗೆ ಬರೆಯುತ್ತ ತಂತ್ರಜ್ಞಾನಕ್ಕೆ ಹೋಗಬಹುದು. ಪ್ರವಾಸ ಬರೆಯುವವರು ಪ್ರಯಾಣಿಕರ ಲಸಿಕೆ, ಎತ್ತರದ ಕಾಯಿಲೆ, ದೀರ್ಘ ವಿಮಾನಯಾನದ ನಿದ್ದೆಗೇಡು ಇವುಗಳ ಮೂಲಕ ಆರೋಗ್ಯಕ್ಕೆ ಬರಬಹುದು. ಈ ಅಂಚುಗಳಲ್ಲಿ ಬರೆಯುವವರು ಕಡಿಮೆ, ಆದ್ದರಿಂದ ಸಂಪಾದಕರು ಹೊಸಬರ ಮಾತಿಗೂ ಕಿವಿಗೊಡುತ್ತಾರೆ.

ಹೆಜ್ಜೆ 2: ಕಡತವನ್ನು ವಿಷಯದ ಹೆಸರಿನಲ್ಲಿ ಇಡದೆ ಪ್ರಶ್ನೆಯ ಹೆಸರಿನಲ್ಲಿ ಇಡಿ

"ಆರೋಗ್ಯ", "ಪ್ರವಾಸ" ಎಂದು ಕಡತ ಮಾಡಿದರೆ ಅದು ಬೇಗನೆ ಗುಜರಿಯಾಗುತ್ತದೆ. "ಬೆರಳಿಗೆ ಹಾಕುವ ಆಮ್ಲಜನಕ ಮಾಪಕ ಎತ್ತರದ ಜಾಗದಲ್ಲಿ ಎಷ್ಟು ನಂಬಲರ್ಹ?" ಎಂದು ಹೆಸರಿಟ್ಟ ಕಡತದೊಳಗೆ ಮೂರೂ ಕ್ಷೇತ್ರಗಳ ಟಿಪ್ಪಣಿಗಳು ತಾವಾಗಿ ಬಂದು ಕೂರುತ್ತವೆ, ಮತ್ತು ಕಡತ ತುಂಬಿದ ದಿನ ಲೇಖನದ ಅರ್ಧ ಕೆಲಸ ಮುಗಿದಿರುತ್ತದೆ.

ಮಾತನಾಡಿದ ಪ್ರತಿಯೊಬ್ಬರ ಹೆಸರಿನ ಮುಂದೆ ಮೂರು ಸಂಗತಿಗಳನ್ನು ಬರೆದಿಡಿ: ಮಾತನಾಡಿದ ದಿನಾಂಕ, ಯಾವ ಷರತ್ತಿನ ಮೇಲೆ ಮಾತನಾಡಿದರು (ಹೆಸರು ಹಾಕಬಹುದೇ, ಮಾತನ್ನು ಮಾತ್ರ ಬಳಸಬಹುದೇ, ಕೇವಲ ತಿಳಿವಳಿಕೆಗಾಗಿಯೇ), ಮತ್ತು ಅವರ ಕೆಲಸಕ್ಕೆ ಹಣ ಕೊಡುವವರು ಯಾರು. ಮೂರನೆಯದನ್ನು ಕೇಳಲು ಹೊಸಬರು ಸಂಕೋಚಪಡುತ್ತಾರೆ. ಸಂಕೋಚಪಡಬೇಕಾಗಿಲ್ಲ, ವೈದ್ಯಕೀಯ ನಿಯತಕಾಲಿಕಗಳು ತಮ್ಮ ಲೇಖಕರಿಂದ ಇದನ್ನೇ ಲಿಖಿತವಾಗಿ ಪಡೆಯುತ್ತವೆ. ಉಲ್ಲೇಖಿಸುವ ಪ್ರತಿಯೊಂದು ಜಾಲಪುಟವನ್ನೂ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಆ ದಿನವೇ ಉಳಿಸಿ. 2001ರಿಂದ ಸಾರ್ವಜನಿಕರಿಗೆ ತೆರೆದಿರುವ ಈ ಸೇವೆ, ಕಂಪನಿಯೊಂದು ತನ್ನ ಹಳೆಯ ಹೇಳಿಕೆಯನ್ನು ಸದ್ದಿಲ್ಲದೆ ತಿದ್ದಿದಾಗ ನಿಮ್ಮ ಕೈಯಲ್ಲಿರುವ ಸಾಕ್ಷಿ.

ಹೆಜ್ಜೆ 3: ಒಂದು ಪ್ರಯಾಣ, ಮೂರು ಪ್ರಸ್ತಾವ

ಪಿಚ್ ಎಂದು ಪತ್ರಿಕಾವಲಯದಲ್ಲಿ ಕರೆಯುವ ಪ್ರಸ್ತಾವದಲ್ಲಿ ಸಂಪಾದಕರು ಹುಡುಕುವುದು ವಿಷಯವನ್ನಲ್ಲ, ಕಥೆಯನ್ನು. "ಎತ್ತರದ ಚಾರಣದ ಬಗ್ಗೆ ಬರೆಯಬೇಕೆಂದಿದ್ದೇನೆ" ಎಂಬುದು ವಿಷಯ. ಸಮುದ್ರಮಟ್ಟದಿಂದ 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಎಂದು ಪರ್ವತ ವೈದ್ಯಕೀಯದ ಮಾರ್ಗಸೂಚಿಗಳು ಹೇಳುತ್ತವೆ. ಹೀಗಿರುವಾಗ ಒಂದು ನಿರ್ದಿಷ್ಟ ಚಾರಣದ ದಿನಚರಿ ಈ ಮಿತಿಯನ್ನು ಮೀರುತ್ತಿದೆ ಎಂದು ನೀವು ಲೆಕ್ಕಹಾಕಿ ತೋರಿಸಿದರೆ ಅದು ಕಥೆ.

ಇದೇ ಪ್ರಯಾಣದಿಂದ ಮೂರು ಬೇರೆ ಬೇರೆ ಲೇಖನಗಳು ಹುಟ್ಟುತ್ತವೆ. ಪ್ರವಾಸ ಪುಟಕ್ಕೆ ದಾರಿಯ ಅನುಭವ ಮತ್ತು ಸಿದ್ಧತೆ. ಆರೋಗ್ಯ ಪುಟಕ್ಕೆ, ಮೇಲೆ ಹೇಳಿದ ದಿನಚರಿಯ ಪ್ರಶ್ನೆ. ತಂತ್ರಜ್ಞಾನ ಪುಟಕ್ಕೆ, ಚಾರಣಿಗರು ನೆಚ್ಚಿಕೊಳ್ಳುವ ಆಮ್ಲಜನಕ ಮಾಪಕದ ಮಿತಿಗಳು: ತಣ್ಣಗಾದ ಬೆರಳಿನಲ್ಲಿ ಅದು ಸರಿಯಾಗಿ ಓದುವುದಿಲ್ಲ, ಅಲ್ಲದೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅಮೆರಿಕದ ಆಸ್ಪತ್ರೆಗಳ ಅಧ್ಯಯನದಲ್ಲಿ, ಮಾಪಕದ ಕಣ್ಣಿಗೆ ಬೀಳದ ಆಮ್ಲಜನಕದ ಕೊರತೆಯು ಬಿಳಿಯ ರೋಗಿಗಳಿಗಿಂತ ಕಪ್ಪುವರ್ಣದ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿ ಕಂಡುಬಂದಿತ್ತು. ಬೆಳಕನ್ನು ಚರ್ಮದ ಮೂಲಕ ಹಾಯಿಸಿ ಅಳೆಯುವ ಉಪಕರಣ ಚರ್ಮದ ಬಣ್ಣಕ್ಕೆ ಎಡವುತ್ತದೆ ಎಂಬ ಈ ಸಂಗತಿ ಮೂರು ಕ್ಷೇತ್ರಗಳಿಗೂ ಸಲ್ಲುತ್ತದೆ. ಒಂದೇ ಲೇಖನವನ್ನು ಅಲ್ಲಿ ಇಲ್ಲಿ ತಿದ್ದಿ ಮೂವರಿಗೆ ಮಾರುವುದು ಮಾತ್ರ ಸಲ್ಲದು. ಒಮ್ಮೆ ಸಿಕ್ಕಿಬಿದ್ದರೆ ಮೂವರು ಸಂಪಾದಕರನ್ನೂ ಕಳೆದುಕೊಳ್ಳುತ್ತೀರಿ.

ಪ್ರಸ್ತಾವ ಒಂದು ಪುಟ ಮೀರದಿರಲಿ. ಮೊದಲ ವಾಕ್ಯದಲ್ಲಿ ಕಥೆ, ನಂತರ ಅದು ಈಗಲೇ ಏಕೆ, ನಿಮ್ಮ ಕೈಯಲ್ಲಿ ಈಗಾಗಲೇ ಏನಿದೆ, ಇನ್ನು ಯಾರೊಡನೆ ಮಾತನಾಡಬೇಕಿದೆ, ಎಷ್ಟು ದಿನ ಬೇಕು. ನಿಮಗೆ ಆ ವಿಷಯದಲ್ಲಿ ಯಾವುದಾದರೂ ಹಣದ ನಂಟು ಇದ್ದರೆ ಅದನ್ನೂ ಇಲ್ಲೇ ಹೇಳಿಬಿಡಿ.

ಹೆಜ್ಜೆ 4: ಪ್ರವಾಸದಲ್ಲಿ ನಿಮ್ಮ ಕಣ್ಣನ್ನೇ ಅನುಮಾನಿಸಿ

ಊರೊಂದಕ್ಕೆ ಎರಡು ದಿನ ಹೋದವರು ನೋಡುವುದು, ನೋಡಲೆಂದೇ ಸಿದ್ಧಪಡಿಸಿಟ್ಟ ಊರನ್ನು. ಅದೇ ಜಾಗಕ್ಕೆ ಬೆಳಗಿನ ಜಾವ ಒಮ್ಮೆ, ಜನಸಂದಣಿಯ ಹೊತ್ತಿನಲ್ಲಿ ಇನ್ನೊಮ್ಮೆ ಹೋಗಿ. ಮಾರ್ಗದರ್ಶಕರ ಜೊತೆ ನೋಡಿದ್ದನ್ನು ಒಬ್ಬರೇ ಹೋಗಿ ಮತ್ತೆ ನೋಡಿ. ಕೋಣೆ ಗುಡಿಸುವವರು, ಬಸ್ ಓಡಿಸುವವರು, ಅಲ್ಲೇ ಹುಟ್ಟಿ ಬೆಳೆದ ವಯಸ್ಸಾದವರು ಹೇಳುವುದಕ್ಕೆ ಪ್ರಚಾರ ಅಧಿಕಾರಿಯ ಮಾತಿಗಿಂತ ಹೆಚ್ಚು ಜಾಗ ಕೊಡಿ. "ಯಾರೂ ನೋಡದ ತಾಣ" ಎಂದು ಬರೆಯುವ ಮುನ್ನ ಅಲ್ಲಿ ವಾಸಿಸುವವರು ದಿನವೂ ಅದನ್ನು ನೋಡುತ್ತಿದ್ದಾರೆಂಬುದನ್ನು ನೆನೆಯಿರಿ.

ಪ್ರಯಾಣದ ವೆಚ್ಚವನ್ನು ಪ್ರವಾಸೋದ್ಯಮ ಸಂಸ್ಥೆಯೋ ವಿಮಾನ ಕಂಪನಿಯೋ ಭರಿಸಿದ್ದರೆ ಲೇಖನದಲ್ಲಿ ಅದನ್ನು ಓದುಗರ ಕಣ್ಣಿಗೆ ಬೀಳುವಂತೆ ಬರೆಯಲೇಬೇಕು. ಕೆಲವು ಪತ್ರಿಕೆಗಳು ಇಂಥ ಉಚಿತ ಪ್ರವಾಸದ ಬರಹವನ್ನು ಸ್ವೀಕರಿಸುವುದೇ ಇಲ್ಲ, ಆದ್ದರಿಂದ ಹೊರಡುವ ಮುನ್ನವೇ ಸಂಪಾದಕರನ್ನು ಕೇಳಿ. ಆತಿಥ್ಯ ಪಡೆದವರ ಬಗ್ಗೆ ಕಟುವಾಗಿ ಬರೆಯುವುದು ಮನುಷ್ಯರಿಗೆ ಕಷ್ಟವೆಂಬುದನ್ನು ನಾನು ನನ್ನಲ್ಲೇ ಕಂಡಿದ್ದೇನೆ. ಅದಕ್ಕಾಗಿಯೇ, ಕೈಯಿಂದ ಖರ್ಚು ಮಾಡಿ ಹೋದ ಸಣ್ಣ ಪ್ರವಾಸವನ್ನು ಇತರರ ಖರ್ಚಿನ ದೊಡ್ಡ ಪ್ರವಾಸಕ್ಕಿಂತ ಮೇಲೆಂದು ಎಣಿಸುತ್ತೇನೆ.

ಪ್ರಾಯೋಗಿಕ ಮಾಹಿತಿಯನ್ನು ಹಳೆಯ ಲೇಖನಗಳಿಂದ ಎತ್ತಿಕೊಳ್ಳಬೇಡಿ. ಹಳದಿ ಜ್ವರದ ಲಸಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಹತ್ತು ವರ್ಷಕ್ಕೆ ಮಾತ್ರ ಎಂದು ಹಳೆಯ ಲೇಖನಗಳೆಲ್ಲ ಹೇಳುತ್ತವೆ; ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳಿಗೆ ಆದ ತಿದ್ದುಪಡಿಯಿಂದಾಗಿ 2016ರ ಜುಲೈ 11ರಿಂದ ಅದು ಜೀವನಪರ್ಯಂತ ಸಲ್ಲುತ್ತದೆ. ಆದರೆ ಲಸಿಕೆ ಪಡೆದು ಹತ್ತು ದಿನ ಕಳೆದ ಮೇಲೆಯೇ ಪ್ರಮಾಣಪತ್ರಕ್ಕೆ ಬೆಲೆ. ಇಂಥ ಒಂದು ಸಾಲು ತಪ್ಪಾದರೆ ಓದುಗರು ವಿಮಾನ ನಿಲ್ದಾಣದಲ್ಲಿ ನಿಲ್ಲಬೇಕಾಗುತ್ತದೆ.

ನೀವೂ ಪ್ರಯಾಣಿಕರೇ. ಅನೇಕ ದೇಶಗಳಲ್ಲಿ ಪ್ರವಾಸಿ ವೀಸಾದ ಮೇಲೆ ವರದಿಗಾರಿಕೆ ಮಾಡುವುದು ನಿಯಮಬಾಹಿರ, ಪತ್ರಕರ್ತರಿಗೆ ಬೇರೆ ವೀಸಾ ಇರುತ್ತದೆ. ವಿಮಾನದಲ್ಲಿ ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಒಪ್ಪಿಸುವ ಸಾಮಾನಿನಲ್ಲಿ ಇಡುವಂತಿಲ್ಲ. ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಸಾಮಾನ್ಯ ಮಿತಿ 100 ವ್ಯಾಟ್-ಅವರ್. ಡಬ್ಬಿಯ ಮೇಲೆ ಮಿಲಿಆಂಪಿಯರ್-ಅವರ್ ಮಾತ್ರ ಬರೆದಿದ್ದರೆ ಅದನ್ನು ಕೋಶದ ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿ: 20,000 ಮಿಲಿಆಂಪಿಯರ್-ಅವರ್, 3.7 ವೋಲ್ಟ್ ಎಂದರೆ 74 ವ್ಯಾಟ್-ಅವರ್.

ಛಾಯಾಚಿತ್ರಗಳ ಬಗ್ಗೆ ಒಂದು ಎಚ್ಚರಿಕೆ. 2012ರ ಡಿಸೆಂಬರ್‌ನಲ್ಲಿ, ತಲೆಮರೆಸಿಕೊಂಡಿದ್ದ ಆ್ಯಂಟಿವೈರಸ್ ಉದ್ಯಮಿ ಜಾನ್ ಮ್ಯಾಕಫಿ ಜೊತೆಗಿದ್ದ ವೈಸ್ ಪತ್ರಿಕೆಯವರು ಒಂದು ಚಿತ್ರವನ್ನು ಪ್ರಕಟಿಸಿದರು. ಫೋನಿನ ಕ್ಯಾಮೆರಾ ಚಿತ್ರದೊಳಗೆ ಬರೆದಿಟ್ಟಿದ್ದ ಎಕ್ಸಿಫ್ ಮಾಹಿತಿಯಲ್ಲಿ ಅಕ್ಷಾಂಶ ರೇಖಾಂಶಗಳಿದ್ದವು, ಅವರು ಗ್ವಾಟೆಮಾಲಾದಲ್ಲಿದ್ದಾರೆಂದು ಜಗತ್ತಿಗೆ ಗೊತ್ತಾಯಿತು. ಹೆಸರು ಮರೆಮಾಚಬೇಕಾದ ವ್ಯಕ್ತಿಯ ಮನೆಯಲ್ಲಿ ತೆಗೆದ ಚಿತ್ರವನ್ನು ಕಳುಹಿಸುವ ಮುನ್ನ ಈ ಮಾಹಿತಿಯನ್ನು ಅಳಿಸಿ. ಆದರೆ ಮೂಲ ಕಡತವನ್ನು ನಿಮ್ಮಲ್ಲಿ ಹಾಗೆಯೇ ಇಟ್ಟುಕೊಳ್ಳಿ, ಚಿತ್ರ ನಿಮ್ಮದೆಂದು ಸಾಧಿಸಲು ಅದೇ ಆಧಾರ.

ಹೆಜ್ಜೆ 5: ಆರೋಗ್ಯದಲ್ಲಿ ಅಂಕಿಯ ಹಿಂದಿನ ಅಂಕಿಯನ್ನು ಕೇಳಿ

ಮೂರು ಕ್ಷೇತ್ರಗಳಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ, ಏಕೆಂದರೆ ಇಲ್ಲಿನ ತಪ್ಪು ಓದುಗರ ದೇಹವನ್ನು ತಟ್ಟುತ್ತದೆ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು, ಮೂರನೆಯ ಪೀಳಿಗೆಯ ಗರ್ಭನಿರೋಧಕ ಮಾತ್ರೆಗಳು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಎರಡು ಪಟ್ಟು ಮಾಡುತ್ತವೆ ಎಂದು ಎಚ್ಚರಿಸಿತು. ಮಾಧ್ಯಮಗಳು ಶೇ. 100ರಷ್ಟು ಹೆಚ್ಚಳವೆಂದು ಬರೆದವು. ಅದು ಸುಳ್ಳೇನೂ ಆಗಿರಲಿಲ್ಲ. ಆದರೆ ಹಿಂದಿನ ಅಂಕಿ 7,000 ಮಹಿಳೆಯರಲ್ಲಿ ಒಬ್ಬರು, ಹೊಸ ಅಂಕಿ 7,000ರಲ್ಲಿ ಇಬ್ಬರು. ಹೆದರಿದ ಅನೇಕ ಮಹಿಳೆಯರು ಮಾತ್ರೆ ಬಿಟ್ಟರು, ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಹೆಚ್ಚುವರಿ ಗರ್ಭಪಾತಗಳಾದವು ಎಂದು ಅಂದಾಜಿಸಲಾಗಿದೆ. ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಬಸಿರಿನಲ್ಲೇ ಹೆಚ್ಚು ಎಂಬುದನ್ನು ಸೇರಿಸಿ ನೋಡಿದರೆ, ಒಂದು ಅಂಕಿಯನ್ನು ಅದರ ಜೊತೆಗಾರನಿಲ್ಲದೆ ಅಚ್ಚು ಮಾಡುವುದರ ಬೆಲೆ ಅರ್ಥವಾಗುತ್ತದೆ.

ಆದ್ದರಿಂದ "ಎರಡು ಪಟ್ಟು", "ಶೇ. 18 ಹೆಚ್ಚು", "ಅರ್ಧಕ್ಕರ್ಧ ಕಡಿಮೆ" ಎಂದು ಯಾರೇ ಹೇಳಿದರೂ, "ಎಷ್ಟರಿಂದ ಎಷ್ಟಕ್ಕೆ? ಎಷ್ಟು ಜನರಲ್ಲಿ? ಎಷ್ಟು ಕಾಲದಲ್ಲಿ?" ಎಂದು ಕೇಳಿ, ಉತ್ತರವನ್ನು ಅದೇ ವಾಕ್ಯದಲ್ಲಿ ಬರೆಯಿರಿ. ಮೊದಲನೆಯದು ಸಾಪೇಕ್ಷ ಅಪಾಯ, ಎರಡನೆಯದು ನಿರಪೇಕ್ಷ ಅಪಾಯ. ಓದುಗರ ತೀರ್ಮಾನಕ್ಕೆ ಬೇಕಾದದ್ದು ಎರಡನೆಯದು. ಇದರ ಜೊತೆಗೆ ಇನ್ನೊಂದು ಗೊಂದಲವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರ ಅಕ್ಟೋಬರ್‌ನಲ್ಲಿ ಸಂಸ್ಕರಿಸಿದ ಮಾಂಸವನ್ನು ತಂಬಾಕು ಇರುವ ಮೊದಲನೆಯ ಗುಂಪಿಗೇ ಸೇರಿಸಿದಾಗ, ಮಾಂಸವೂ ಸಿಗರೇಟಿನಷ್ಟೇ ಅಪಾಯಕಾರಿ ಎಂಬ ಶೀರ್ಷಿಕೆಗಳು ಬಂದವು. ಆ ಗುಂಪು ಹೇಳುವುದು ಕ್ಯಾನ್ಸರ್ ಉಂಟುಮಾಡುತ್ತದೆ ಎಂಬುದಕ್ಕೆ ಪುರಾವೆ ಎಷ್ಟು ಗಟ್ಟಿಯಾಗಿದೆ ಎಂಬುದನ್ನು; ಎಷ್ಟು ಜನರಿಗೆ ಉಂಟುಮಾಡುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಪತ್ರಿಕಾ ಪ್ರಕಟಣೆಯನ್ನು ಮಾತ್ರ ಓದಿ ಬರೆಯಬೇಡಿ. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು ಹೊರಡಿಸಿದ 462 ಆರೋಗ್ಯ ಸಂಬಂಧಿ ಪ್ರಕಟಣೆಗಳನ್ನು ಮೂಲ ಸಂಶೋಧನಾ ಪ್ರಬಂಧಗಳ ಜೊತೆ ಹೋಲಿಸಿ ನೋಡಿದ ಕಾರ್ಡಿಫ್ ವಿಶ್ವವಿದ್ಯಾಲಯದ ಅಧ್ಯಯನವೊಂದು 2014ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಶೇ. 40ರಷ್ಟು ಪ್ರಕಟಣೆಗಳು ಪ್ರಬಂಧದಲ್ಲಿಲ್ಲದಷ್ಟು ಗಟ್ಟಿಯಾದ ಸಲಹೆಯನ್ನು ಓದುಗರಿಗೆ ನೀಡಿದ್ದವು, ಶೇ. 33ರಷ್ಟು, ಬರಿಯ ಸಂಬಂಧವನ್ನು ಕಾರಣವೆಂದು ಹಿಗ್ಗಿಸಿದ್ದವು, ಶೇ. 36ರಷ್ಟು, ಪ್ರಾಣಿಗಳಲ್ಲಿ ಕಂಡದ್ದನ್ನು ಮನುಷ್ಯರಿಗೆ ಅನ್ವಯಿಸಿದ್ದವು. ಉತ್ಪ್ರೇಕ್ಷೆ ಪತ್ರಕರ್ತರ ಮೇಜಿನಲ್ಲೇ ಹುಟ್ಟುತ್ತದೆಂಬ ಸಾಮಾನ್ಯ ದೂರು ಪೂರ್ತಿ ನಿಜವಲ್ಲ ಎಂಬುದು ಇದರಿಂದ ತಿಳಿಯಿತು, ಆದರೆ ಪ್ರಕಟಣೆ ಉತ್ಪ್ರೇಕ್ಷಿಸಿದ ಕಡೆಗಳಲ್ಲಿ ಸುದ್ದಿಯೂ ಬಹುಪಾಲು ಅದನ್ನೇ ನಕಲು ಮಾಡಿತ್ತು ಎಂಬುದೂ ತಿಳಿಯಿತು.

ಪ್ರಬಂಧವನ್ನು ಓದಲು ಒಂದು ಕ್ರಮ ಇಟ್ಟುಕೊಳ್ಳಿ. ಸಾರಾಂಶವನ್ನು ಬಿಟ್ಟು ಮೊದಲು ವಿಧಾನದ ಭಾಗಕ್ಕೆ ಹೋಗಿ: ಎಷ್ಟು ಜನ, ಯಾರು, ಎಷ್ಟು ದಿನ, ಯಾವುದರ ಜೊತೆ ಹೋಲಿಕೆ. ಔಷಧ ಪ್ರಯೋಗವಾದರೆ ಯಾವ ಹಂತವೆಂದು ನೋಡಿ. ಕೆಲವು ಹತ್ತು ಜನರಲ್ಲಿ ಸುರಕ್ಷತೆಯನ್ನು ಪರೀಕ್ಷಿಸುವ ಮೊದಲ ಹಂತ, ನೂರಾರು ಇಲ್ಲವೇ ಸಾವಿರಾರು ಜನರಲ್ಲಿ ಪರಿಣಾಮವನ್ನು ಹೋಲಿಸುವ ಮೂರನೆಯ ಹಂತ, ಇವೆರಡರ ನಡುವೆ ಬಹಳಷ್ಟು ಔಷಧಗಳು ಬಿದ್ದುಹೋಗುತ್ತವೆ. ನಂತರ, 2000ದಲ್ಲಿ ತೆರೆದ ಕ್ಲಿನಿಕಲ್‌ಟ್ರಯಲ್ಸ್.ಗವ್ ಮುಂತಾದ ನೋಂದಣಿಗಳಲ್ಲಿ ಆ ಪ್ರಯೋಗವನ್ನು ಹುಡುಕಿ. ಪ್ರಯೋಗ ಆರಂಭವಾಗುವಾಗ ಅಳೆಯುತ್ತೇವೆಂದು ಹೇಳಿದ್ದು ಒಂದು, ಕೊನೆಗೆ ಪ್ರಕಟಿಸಿದ್ದು ಇನ್ನೊಂದು ಎಂದಾದರೆ ನಿಮ್ಮ ನಿಜವಾದ ಕಥೆ ಅಲ್ಲೇ ಇರಬಹುದು.

ಅಳೆದದ್ದು ಏನೆಂಬುದೂ ಮುಖ್ಯ. ಹೃದಯಾಘಾತದ ನಂತರ ಕಾಣಿಸುವ ಅನಿಯಮಿತ ಬಡಿತಗಳನ್ನು ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳು ಚೆನ್ನಾಗಿ ಅಡಗಿಸುತ್ತಿದ್ದವು, ಆದ್ದರಿಂದ ಜೀವ ಉಳಿಸುತ್ತವೆಂದು ವೈದ್ಯರು ನಂಬಿದ್ದರು. 1989ರಲ್ಲಿ ಕಾಸ್ಟ್ ಎಂಬ ಪ್ರಯೋಗದ ಮೊದಲ ಫಲಿತಾಂಶ ಬಂದಾಗ, ಅವನ್ನು ತೆಗೆದುಕೊಂಡವರಲ್ಲೇ ಹೆಚ್ಚು ಜನ ಸತ್ತಿದ್ದರು. ಬಡಿತ ಸರಿಹೋಯಿತೆಂದರೆ ರೋಗಿ ಉಳಿದರೆಂದಲ್ಲ. ರಕ್ತಪರೀಕ್ಷೆಯ ಅಂಕಿ, ಗಂಟಿನ ಗಾತ್ರ, ಗಡಿಯಾರ ತೋರಿಸುವ ನಿದ್ದೆಯ ಅಂಕ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ.

ಸಣ್ಣ ಸಂಖ್ಯೆಗಳಿಗೆ ಮರುಳಾಗಬೇಡಿ. 2015ರಲ್ಲಿ ಪತ್ರಕರ್ತ ಜಾನ್ ಬೊಹಾನನ್, ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಎಂಬ ಅಧ್ಯಯನವನ್ನು ಬೇಕೆಂದೇ ದುರ್ಬಲವಾಗಿ ರೂಪಿಸಿ ಪ್ರಕಟಿಸಿದರು. 15 ಜನರಲ್ಲಿ 18 ಬಗೆಯ ಅಳತೆಗಳನ್ನು ತೆಗೆದುಕೊಂಡಿದ್ದರಿಂದ ಯಾವುದಾದರೊಂದು ಅಳತೆ ಆಕಸ್ಮಿಕವಾಗಿ "ಮಹತ್ವದ್ದು" ಎಂದು ಕಾಣುವ ಸಾಧ್ಯತೆ ತುಂಬಾ ಹೆಚ್ಚಾಗಿತ್ತು. ಹಲವು ದೇಶಗಳ ಮಾಧ್ಯಮಗಳು ಅದನ್ನು ಸುದ್ದಿ ಮಾಡಿದವು. ಎಷ್ಟು ಜನರನ್ನು ಪರೀಕ್ಷಿಸಲಾಯಿತು ಎಂಬ ಪ್ರಶ್ನೆಯೊಂದನ್ನೇ ಹಿಡಿದಿದ್ದರೂ ಆ ಸುದ್ದಿ ಅಲ್ಲೇ ನಿಲ್ಲುತ್ತಿತ್ತು. ಪ್ರತಿಷ್ಠಿತ ನಿಯತಕಾಲಿಕವೆಂಬುದೂ ಕಣ್ಣುಮುಚ್ಚಿ ನಂಬಲು ಕಾರಣವಲ್ಲ: ಲಸಿಕೆಯನ್ನು ಆಟಿಸಂಗೆ ತಳುಕುಹಾಕಿದ, 12 ಮಕ್ಕಳ ಮೇಲಿನ ಪ್ರಬಂಧವನ್ನು ದಿ ಲ್ಯಾನ್ಸೆಟ್ 1998ರಲ್ಲಿ ಪ್ರಕಟಿಸಿ, ಹಿಂತೆಗೆದುಕೊಂಡದ್ದು 2010ರಲ್ಲಿ.

ಕೊನೆಯದಾಗಿ, ಅಧ್ಯಯನದಲ್ಲಿ ಭಾಗಿಯಾಗದ, ಆ ವಿಷಯ ಬಲ್ಲ ಒಬ್ಬ ತಜ್ಞರಾದರೂ ಪ್ರಬಂಧವನ್ನು ಓದಿ ಅಭಿಪ್ರಾಯ ಹೇಳದೆ ಲೇಖನ ಮುಗಿಸಬೇಡಿ. ರೋಗಿಗಳೊಡನೆ ಮಾತನಾಡುವಾಗ, ಹೆಸರು ಹಾಕಲು ಒಪ್ಪಿದವರನ್ನು ಪ್ರಕಟಣೆಯ ಮುನ್ನ ಇನ್ನೊಮ್ಮೆ ಕೇಳಿ. ಕಾಯಿಲೆಯ ಬಿಸಿಯಲ್ಲಿ ಒಪ್ಪಿದ್ದು ಚೇತರಿಸಿಕೊಂಡ ಮೇಲೆ ಬೇಡವೆನಿಸಬಹುದು, ಮತ್ತು ಅಂತರ್ಜಾಲದಲ್ಲಿ ಆ ಹೆಸರು ವರ್ಷಗಟ್ಟಲೆ ಉಳಿಯುತ್ತದೆ.

ಹೆಜ್ಜೆ 6: ತಂತ್ರಜ್ಞಾನದಲ್ಲಿ ತೋರಿಸಿದ್ದನ್ನು ಬಿಟ್ಟು ತೋರಿಸದಿದ್ದನ್ನು ಹುಡುಕಿ

ಒಂದು ಹನಿ ರಕ್ತದಿಂದ ಹಲವು ಪರೀಕ್ಷೆಗಳನ್ನು ಮಾಡುತ್ತೇವೆ ಎಂದ ಥೆರನೋಸ್ ಕಂಪನಿಯ ಸ್ಥಾಪಕಿಯ ಬಗ್ಗೆ ವರ್ಷಗಟ್ಟಲೆ ಮೆಚ್ಚುಗೆಯ ಲೇಖನಗಳು ಬಂದವು. ಯಂತ್ರದ ಫಲಿತಾಂಶಗಳನ್ನು ಸಹತಜ್ಞರ ಪರಿಶೀಲನೆಗೆ ಒಡ್ಡಿದ ಪ್ರಬಂಧಗಳು ಎಲ್ಲಿ ಎಂಬ ಪ್ರಶ್ನೆ ಬಹುಮಟ್ಟಿಗೆ ಬದಿಗುಳಿದಿತ್ತು. 2015ರ ಅಕ್ಟೋಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಜಾನ್ ಕ್ಯಾರಿರೂ ಬರೆದ ವರದಿ ಆ ಕಥೆಯನ್ನು ಬಯಲಿಗೆಳೆಯಿತು. ಅವರು ಆರೋಗ್ಯ ಕ್ಷೇತ್ರವನ್ನು ಬಲ್ಲ ತನಿಖಾ ವರದಿಗಾರರು, ಅವರಿಗೆ ಸುಳಿವು ಕೊಟ್ಟವರು ಒಬ್ಬ ಪ್ಯಾಥಾಲಜಿಸ್ಟ್. ತಂತ್ರಜ್ಞಾನದ ಉದ್ಯಮಕಥೆಯೆಂದು ಎಲ್ಲರೂ ಬರೆದದ್ದಕ್ಕೆ ಪ್ರಯೋಗಾಲಯದ ಪ್ರಶ್ನೆಗಳನ್ನು ಕೇಳಿದ್ದೇ ವ್ಯತ್ಯಾಸ ಮಾಡಿತು. ಎರಡು ಕ್ಷೇತ್ರ ಬಲ್ಲವರಿಗೆ ಇದಕ್ಕಿಂತ ದೊಡ್ಡ ಪ್ರೋತ್ಸಾಹ ಬೇಕಿಲ್ಲ.

ಕಂಪನಿ ಪರೀಕ್ಷೆಗೆ ಕೊಡುವ ಉಪಕರಣ ಎರವಲು ಎಂದು ಬರೆದುಕೊಂಡು, ಕೆಲಸ ಮುಗಿದ ಮೇಲೆ ಹಿಂತಿರುಗಿಸಿ. ಪರೀಕ್ಷೆಯ ವಿಧಾನವನ್ನು ಡಬ್ಬಿ ತೆರೆಯುವ ಮೊದಲೇ ಕಾಗದದ ಮೇಲೆ ತೀರ್ಮಾನಿಸಿ: ಬ್ಯಾಟರಿಯಾದರೆ ಪರದೆಯ ಬೆಳಕು, ಜಾಲದ ಸ್ಥಿತಿ, ಕೋಣೆಯ ಉಷ್ಣತೆ ಎಲ್ಲವೂ ಹಳೆಯ ಉಪಕರಣಕ್ಕೂ ಹೊಸದಕ್ಕೂ ಒಂದೇ ಆಗಿರಲಿ, ಕನಿಷ್ಠ ಮೂರು ಸಲ ಅಳೆಯಿರಿ. ಎಂಬಾರ್ಗೋ ಎಂದರೆ ಇಂಥ ದಿನದವರೆಗೆ ಪ್ರಕಟಿಸಬಾರದು ಎಂಬ ಒಪ್ಪಂದ. ಅದರ ಜೊತೆಗೆ ಬೇರೆ ತಜ್ಞರನ್ನು ಕೇಳಬಾರದು ಎಂಬ ಷರತ್ತೂ ಇದ್ದರೆ ಒಪ್ಪಬೇಡಿ.

ಭದ್ರತಾ ದೋಷಗಳ ಬಗ್ಗೆ ಬರೆಯುವಾಗ ಆ ದೋಷದ ಸಿವಿಇ ಸಂಖ್ಯೆಯನ್ನು, ಅಂದರೆ ಬಹಿರಂಗವಾದ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದಕ್ಕೆ ಕೊಟ್ಟಿರುವ ಗುರುತಿನ ಸಂಖ್ಯೆಯನ್ನು, ಹುಡುಕಿ. 1999ರಲ್ಲಿ ಆರಂಭವಾದ ಈ ಪಟ್ಟಿಯಿಂದ, ಎಲ್ಲರೂ ಒಂದೇ ದೋಷದ ಬಗ್ಗೆ ಮಾತನಾಡುತ್ತಿದ್ದಾರೆಯೇ ಎಂಬುದು ಖಚಿತವಾಗುತ್ತದೆ. ತಿದ್ದುಪಡಿ ಬರುವ ಮುನ್ನ, ದಾಳಿ ಮಾಡಲು ಸಾಕಾಗುವಷ್ಟು ವಿವರವನ್ನು ಬರೆಯಬೇಡಿ.

ಕೃತಕ ಬುದ್ಧಿಮತ್ತೆಯ ಸಾಧನಗಳು ಈಗ ನಮ್ಮ ಮೇಜಿನ ಮೇಲೂ ಇವೆ. 2025ರ ಮೇ ತಿಂಗಳಲ್ಲಿ ಶಿಕಾಗೋ ಸನ್-ಟೈಮ್ಸ್ ಜೊತೆ ಬಂದ, ಹೊರಗಿನ ಸಂಸ್ಥೆಯಿಂದ ಪಡೆದ ಪುರವಣಿಯೊಂದರಲ್ಲಿ ಬೇಸಿಗೆ ಓದಿನ 15 ಪುಸ್ತಕಗಳ ಪಟ್ಟಿಯಿತ್ತು. ಅದರಲ್ಲಿ ಹತ್ತು ಪುಸ್ತಕಗಳು ಅಸ್ತಿತ್ವದಲ್ಲೇ ಇರಲಿಲ್ಲ. ಬರೆದವರು ಒಬ್ಬ ಸ್ವತಂತ್ರ ಬರಹಗಾರರು, ಸಾಧನ ಕೊಟ್ಟದ್ದನ್ನು ಪರಿಶೀಲಿಸದೆ ಕಳುಹಿಸಿದ್ದರು. ಸಂದರ್ಶನದ ಧ್ವನಿಯನ್ನು ಅಕ್ಷರಕ್ಕಿಳಿಸಲು ಇವನ್ನು ಬಳಸಬಹುದು, ಆದರೆ ಉಲ್ಲೇಖಿಸುವ ಪ್ರತಿ ಮಾತನ್ನೂ ಮೂಲ ಧ್ವನಿ ಕೇಳಿ ತಾಳೆ ನೋಡಿ. ಗುಟ್ಟಾಗಿ ಮಾತನಾಡಿದವರ ಧ್ವನಿಯನ್ನು ಹೊರಗಿನ ಸೇವೆಗೆ ಏರಿಸಲೇಬೇಡಿ.

ಹೆಜ್ಜೆ 7: ಬರೆಯುವ ಮುನ್ನ ಕರಾರು ಓದಿ

ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲಿ, ನ್ಯೂಯಾರ್ಕ್ ಟೈಮ್ಸ್ ವಿರುದ್ಧ ಟಸೀನಿ ಪ್ರಕರಣದಲ್ಲಿ, ಸ್ವತಂತ್ರ ಬರಹಗಾರರ ಲೇಖನಗಳನ್ನು ಅವರ ಅನುಮತಿಯಿಲ್ಲದೆ ವಿದ್ಯುನ್ಮಾನ ದತ್ತಾಂಶ ಸಂಗ್ರಹಗಳಿಗೆ ಸೇರಿಸುವಂತಿಲ್ಲ ಎಂದು 7-2ರ ಬಹುಮತದಿಂದ ತೀರ್ಪಿತ್ತಿತು. ಬರಹಗಾರರು ಗೆದ್ದರು. ಆದರೆ ಬಹಳಷ್ಟು ಪ್ರಕಾಶಕರು "ಎಲ್ಲ ಹಕ್ಕುಗಳೂ ನಮ್ಮವು" ಎಂಬ ಕರಾರನ್ನು ಮುಂದಿಡುವುದೇ ವಾಡಿಕೆಯಾಯಿತು. ಆದ್ದರಿಂದ ಸಹಿ ಮಾಡುವ ಮುನ್ನ ಹಕ್ಕಿನ ಸಾಲನ್ನು ಎರಡು ಸಲ ಓದಿ: ಮೊದಲ ಪ್ರಕಟಣೆಯ ಹಕ್ಕು ಮಾತ್ರವೇ, ಅನುವಾದ, ಮರುಮುದ್ರಣ, ಧ್ವನಿರೂಪ, ಕೃತಕ ಬುದ್ಧಿಮತ್ತೆಗೆ ತರಬೇತಿ ಎಲ್ಲವೂ ಸೇರಿದೆಯೇ. ಮೂರು ಕ್ಷೇತ್ರಗಳಿಗೆ ಬರೆಯುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ನಿಮ್ಮ ಟಿಪ್ಪಣಿಗಳನ್ನು ನೀವು ಮತ್ತೆ ಮತ್ತೆ ಬಳಸುತ್ತೀರಿ.

ಉಳಿದ ಅಂಶಗಳು ಇವು: ಬರೆಸಿಕೊಂಡು ಪ್ರಕಟಿಸದಿದ್ದರೆ ಎಷ್ಟು ಕೊಡುತ್ತಾರೆ, ಪ್ರಯಾಣದ ಖರ್ಚು ಯಾರದ್ದು ಮತ್ತು ಯಾವಾಗ ಸಿಗುತ್ತದೆ, ಮೊಕದ್ದಮೆಯಾದರೆ ವಕೀಲರ ಖರ್ಚು ಯಾರದ್ದು, ಹಣ ಲೇಖನ ಒಪ್ಪಿದ ಮೇಲೆಯೋ ಪ್ರಕಟವಾದ ಮೇಲೆಯೋ. ನ್ಯೂಯಾರ್ಕ್ ನಗರದಲ್ಲಿ 2017ರ ಮೇ 15ರಿಂದ ಜಾರಿಯಲ್ಲಿರುವ ಕಾನೂನು, ನಿಗದಿತ ಮೊತ್ತ ಮೀರಿದ ಕೆಲಸಕ್ಕೆ ಲಿಖಿತ ಕರಾರನ್ನು ಕಡ್ಡಾಯಗೊಳಿಸಿದೆ, ಕರಾರಿನಲ್ಲಿ ಬೇರೆ ದಿನಾಂಕವಿಲ್ಲದಿದ್ದರೆ ಕೆಲಸ ಮುಗಿದ 30 ದಿನಗಳಲ್ಲಿ ಹಣ ಪಾವತಿಸಬೇಕೆನ್ನುತ್ತದೆ. ಇಂಥ ಕಾನೂನು ಇಲ್ಲದ ಕಡೆ, ಫೋನಿನಲ್ಲಿ ಒಪ್ಪಿದ್ದನ್ನು ಅದೇ ದಿನ ಇಮೇಲ್‌ನಲ್ಲಿ ಬರೆದು ಕಳುಹಿಸಿ, "ಸರಿ" ಎಂಬ ಉತ್ತರವನ್ನು ಪಡೆದ ಮೇಲೆಯೇ ಕೆಲಸ ಆರಂಭಿಸಿ.

ಬರೆಯುವ ಕ್ಷೇತ್ರದ ಕಂಪನಿಗಳಿಗೇ ಪ್ರಚಾರದ ಬರಹ ಬರೆದುಕೊಡುವ ಆಮಿಷ ಬರುತ್ತದೆ, ಅದರ ಸಂಭಾವನೆಯೂ ಸಾಮಾನ್ಯವಾಗಿ ಹೆಚ್ಚು. ಹಣದ ಅಗತ್ಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ತೆಗೆದುಕೊಳ್ಳಲೇಬೇಕಾದರೆ ನೀವು ವರದಿ ಮಾಡದ ಕ್ಷೇತ್ರದ್ದನ್ನು ತೆಗೆದುಕೊಳ್ಳಿ, ಸಂಪಾದಕರಿಗೆ ತಿಳಿಸಿ.

ಹೆಜ್ಜೆ 8: ಕಡತ ಕಳೆಯದಿರಲಿ, ನೀವೂ ಕಳೆಯದಿರಿ

2012ರ ಆಗಸ್ಟ್‌ನಲ್ಲಿ ವೈರ್ಡ್ ಪತ್ರಿಕೆಯ ತಂತ್ರಜ್ಞಾನ ಬರಹಗಾರ ಮ್ಯಾಟ್ ಹೋನನ್ ಅವರ ಖಾತೆಗಳನ್ನು ದಾಳಿಕೋರರು ಒಂದರ ಸುಳಿವಿನಿಂದ ಇನ್ನೊಂದಕ್ಕೆ ದಾಟುತ್ತ ವಶಪಡಿಸಿಕೊಂಡು, ಅವರ ಫೋನ್, ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಮೂರನ್ನೂ ದೂರದಿಂದಲೇ ಅಳಿಸಿಹಾಕಿದರು. ತಂತ್ರಜ್ಞಾನ ಬಲ್ಲವರಿಗೇ ಹೀಗಾಯಿತು. ಇಮೇಲ್‌ಗೆ ಎರಡು ಹಂತದ ದೃಢೀಕರಣ ಹಾಕಿ, ಒಂದು ಗುಪ್ತಪದವನ್ನು ಎರಡು ಕಡೆ ಬಳಸಬೇಡಿ, ಪ್ರಯಾಣದಲ್ಲಿ ಪ್ರತಿ ರಾತ್ರಿ ಟಿಪ್ಪಣಿ, ಧ್ವನಿ, ಚಿತ್ರಗಳ ಒಂದು ನಕಲನ್ನು ಲ್ಯಾಪ್‌ಟಾಪ್ ಇರುವ ಚೀಲದಲ್ಲಿ ಇಡದೆ ಬೇರೆ ಕಡೆ ಇಡಿ. ಸಂಬಳದ ವರದಿಗಾರರಿಗೆ ಸಂಸ್ಥೆಯ ವಿಮೆ ಇರುತ್ತದೆ, ನಿಮಗೆ ಇರುವುದಿಲ್ಲ. ನಿಮ್ಮ ವಿಮೆ ಪತ್ರಿಕಾ ಕೆಲಸವನ್ನು ಒಳಗೊಳ್ಳುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಎಲ್ಲಿಗೆ ಹೋಗುತ್ತಿದ್ದೀರಿ, ಯಾವ ಹೊತ್ತಿಗೆ ಕರೆ ಮಾಡುತ್ತೀರಿ ಎಂಬುದು ಮನೆಯ ಒಬ್ಬರಿಗಾದರೂ ಗೊತ್ತಿರಲಿ. ಕಷ್ಟಕ್ಕೆ ಸಿಲುಕಿದ ಸ್ವತಂತ್ರ ಪತ್ರಕರ್ತರಿಗೆ ನೆರವಾಗಲೆಂದೇ 1995ರಲ್ಲಿ ಸ್ಥಾಪನೆಯಾದ, ಲಂಡನ್ನಿನ ರೋರಿ ಪೆಕ್ ಟ್ರಸ್ಟ್‌ನಂಥ ಸಂಸ್ಥೆಗಳ ಮಾಹಿತಿಯನ್ನು ಬೇಕಾಗುವ ಮೊದಲೇ ಓದಿಟ್ಟುಕೊಳ್ಳುವುದು ಒಳ್ಳೆಯದು.

ಹೆಜ್ಜೆ 9: ಪ್ರಕಟವಾದ ಮೇಲೆ

ಲೇಖನ ಕಳುಹಿಸುವಾಗ ಪ್ರತಿ ಅಂಕಿ, ಹೆಸರು, ದಿನಾಂಕಕ್ಕೆ ಆಧಾರವೇನೆಂಬ ಟಿಪ್ಪಣಿ ಹಚ್ಚಿದ ಪ್ರತಿಯೊಂದನ್ನು ನಿಮ್ಮಲ್ಲಿ ಉಳಿಸಿಕೊಳ್ಳಿ. ಓದುಗರು ತಪ್ಪು ತೋರಿಸಿದ ದಿನವೇ ಆ ಪ್ರತಿಯನ್ನು ತೆಗೆದು ನೋಡಿ, ತಪ್ಪಾಗಿದ್ದರೆ ಸಂಪಾದಕರಿಗೆ ನೀವೇ ಮೊದಲು ತಿಳಿಸಿ. ತಿದ್ದುಪಡಿಯಲ್ಲಿ ಹಿಂದೆ ಏನಿತ್ತು, ಈಗ ಏನು ಎಂಬ ಎರಡೂ ಇರಲಿ. ಮೂರು ಕ್ಷೇತ್ರಗಳಲ್ಲೂ ಮಾಹಿತಿ ಹಳತಾಗುವ ವೇಗ ಬೇರೆ ಬೇರೆ: ಫೋನ್ ವಿಮರ್ಶೆಯ ಮಾತುಗಳು ಒಂದು ಸಾಫ್ಟ್‌ವೇರ್ ಪರಿಷ್ಕರಣೆಗೆ ಸುಳ್ಳಾಗಬಹುದು, ವೀಸಾ ನಿಯಮ ರಾತ್ರೋರಾತ್ರಿ ಬದಲಾಗಬಹುದು, ವೈದ್ಯಕೀಯ ಪ್ರಬಂಧ ಹತ್ತು ವರ್ಷಗಳ ನಂತರ ಹಿಂತೆಗೆತವಾಗಬಹುದು. ನಾನು ದಿನಚರಿಯಲ್ಲಿ ಪ್ರತಿ ಲೇಖನದ ಹೆಸರನ್ನು ಮುಂದಿನ ಒಂದು ದಿನಾಂಕದ ಮೇಲೆ ಬರೆದಿಡುತ್ತೇನೆ. ತಂತ್ರಜ್ಞಾನಕ್ಕೆ ಮೂರು ತಿಂಗಳು, ಪ್ರವಾಸಕ್ಕೆ ಆರು, ಆರೋಗ್ಯಕ್ಕೆ ಒಂದು ವರ್ಷ. ಆ ದಿನ ಬಂದಾಗ ಮೂಲ ಪ್ರಬಂಧ ಇನ್ನೂ ನಿಂತಿದೆಯೇ, ನಿಯಮ ಇನ್ನೂ ಹಾಗೆಯೇ ಇದೆಯೇ ಎಂದು ನೋಡುತ್ತೇನೆ. ಬದಲಾಗಿದ್ದರೆ ಸಂಪಾದಕರಿಗೆ ಎರಡು ಸಾಲು ಬರೆಯುತ್ತೇನೆ, ಮತ್ತು ಬಹಳ ಸಲ ಆ ಎರಡು ಸಾಲಿಗೆ ಬಂದ ಉತ್ತರದಲ್ಲೇ ಮುಂದಿನ ಲೇಖನದ ಕೆಲಸ ಸಿಕ್ಕಿದೆ.